ಕರೆಂಟಿಲಿಯ ಮಣಿಕಟ್ಟು

ಚಿಕ್ಕಪೇಟೆ

ಬಟ್ಟೆ ಅಂಗಡಿಯವರಿಗೆ ಇಲಿಗಿಂತ ದೊಡ್ಡ ಶತ್ರು ಇನ್ನೊಂದಿಲ್ಲ. ಕಳ್ಳ ಬಂದರೆ ಒಂದು ಸೀರೆ ಹೊತ್ತೊಯ್ಯುತ್ತಾನೆ. ಇಲಿ ಬಂದರೆ ಗಂಟಿನಲ್ಲಿರುವ ಅಷ್ಟೂ ಸೀರೆಗೆ ಒಂದೊಂದು ತೂತು ಮಾಡಿ ಹೋಗುತ್ತದೆ. ಚಿಕ್ಕಪೇಟೆಯ ನಮ್ಮ ಅಂಗಡಿಯಲ್ಲಿ ಮೂವತ್ತಾರು ವರ್ಷದಿಂದ ಕೂರುತ್ತಿದ್ದೇನೆ. ಈಗಲೂ ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ನನ್ನ ಮೊದಲ ಕೆಲಸ ಮೂಲೆಮೂಲೆಯಲ್ಲಿ ಇಲಿ ಹಿಕ್ಕೆ ಹುಡುಕುವುದು. ದೀಪ ಹಚ್ಚುವುದು ಆಮೇಲೆ.

ಹೀಗಿರುವಾಗ ನನ್ನ ತಮ್ಮನ ಮಗಳು ಸಹನಾ ಏಳನೇ ಕ್ಲಾಸಿನಲ್ಲಿ ಓದುತ್ತಿದ್ದಾಗ ಪುಸ್ತಕದ ತುಂಬ ಇಲಿಯ ಚಿತ್ರ ಅಂಟಿಸಿಕೊಂಡು ಬಂದರೆ ನನಗೆ ಹೇಗಾಗಬೇಡ? ಅದು ಜಪಾನಿನ ಯಾವುದೋ ಆಟದ ಪ್ರಾಣಿಯಂತೆ. ಆ ಆಟದಲ್ಲಿ ನೂರಾರು ವಿಚಿತ್ರ ಜೀವಿಗಳನ್ನು ಹಿಡಿದು ಸಾಕಬೇಕಂತೆ. ಅವುಗಳಲ್ಲಿ ಈ ಇಲಿಯ ಮೀಸೆಯಿಂದ ವಿದ್ಯುತ್ತು ಬರುತ್ತದಂತೆ. ಬೂದು ನೀಲಿ ಮೈ, ತಟ್ಟೆಯಗಲದ ಕಿವಿ, ಬಾಲದ ತುದಿಗೊಂದು ಬಲ್ಬು. ಅದಕ್ಕೆ ಏನೋ ಜಪಾನಿ ಹೆಸರಿತ್ತು, ನನ್ನ ನಾಲಿಗೆಗೆ ಹೊರಳಲಿಲ್ಲ. ಕರೆಂಟಿಲಿ ಎಂದೆ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅದೇ ಹೆಸರು ನಿಂತುಹೋಯಿತು.

ಸಹನಾಳ ತಾಯಿ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ಅವಳಿಗೆ ಜಡೆ ಹಾಕಿದವಳು ನಾನು, ಸೂಜಿಗೆ ದಾರ ಪೋಣಿಸುವುದು ಕಲಿಸಿದವಳೂ ನಾನು. ಬಣ್ಣ ಹಾಕುವ ವಿದ್ಯೆ ಕಲಿಯುತ್ತೇನೆಂದು ಜಪಾನಿಗೆ ಹೋದವಳು ಅಲ್ಲೇ ಬೊಂಬೆ, ವೇಷಭೂಷಣ ಹೊಲಿಯುವ ಒಂದು ಕಡೆ ಕೆಲಸಕ್ಕೆ ಸೇರಿದಳು. ಹೋದ ವರ್ಷ ಒಂದು ದಿನ ವೀಡಿಯೋದಲ್ಲಿ ಬಂದು, ಕೆಂಟಾ ಎನ್ನುವ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗನ ಕೆಲಸ ಏನು ಎಂದು ನನ್ನ ತಮ್ಮ ಕೇಳಿದ. ಈವೆಂಟ್ ಕೆಲಸ ಎಂದಳು. ನಮ್ಮಲ್ಲಿ ಈವೆಂಟ್ ಅಂದರೆ ಶಾಮಿಯಾನ, ಕುರ್ಚಿ, ಮೈಕು. ಯಾವ ಥರದ ಈವೆಂಟಮ್ಮ ಎಂದರೆ ನೆಟ್‌ವರ್ಕ್ ಸರಿಯಿಲ್ಲ ಎಂದು ಕಟ್ ಮಾಡಿಬಿಟ್ಟಳು. ನೆಟ್‌ವರ್ಕ್ ಸರಿಯಾಗೇ ಇತ್ತು.

ನನಗೆ ಅನುಮಾನ ಜಾಸ್ತಿ ಎಂದು ಪೇಟೆಯಲ್ಲೆಲ್ಲ ಹೆಸರಿದೆ. ಅದು ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತಮೂರನೇ ವಯಸ್ಸಿನಲ್ಲಿ ನನ್ನ ಮದುವೆಯಾಯಿತು. ನನ್ನ ಗಂಡನಿಗೆ ಮೊದಲಿಂದಲೂ ಹೃದಯದ ಕಾಯಿಲೆ ಇತ್ತು. ಅವರ ಮನೆಯವರಿಗೆ ಗೊತ್ತಿತ್ತು, ಬೀದಿಯಲ್ಲಿ ನಾಲ್ಕು ಜನಕ್ಕೆ ಗೊತ್ತಿತ್ತು, ಗೊತ್ತಿಲ್ಲದವಳು ನಾನೊಬ್ಬಳೇ. ದಿನಾ ಎರಡು ಬಿಳಿ ಮಾತ್ರೆ ನುಂಗುತ್ತಿದ್ದರು. ಏನು ಅಂತ ಕೇಳಿದರೆ ಶಕ್ತಿ ಮಾತ್ರೆ ಅನ್ನುತ್ತಿದ್ದರು. ಹದಿನಾಲ್ಕು ತಿಂಗಳಿಗೆ ಹೋಗಿಬಿಟ್ಟರು. ನಾನು ತವರಿಗೆ ಬಂದು ಅಂಗಡಿಯಲ್ಲಿ ಕೂತೆ. ಅವತ್ತಿನಿಂದ ಯಾರು ಏನು ಹೇಳಿದರೂ ತಿರುಗಿಸಿ ಹಿಂಭಾಗ ನೋಡುವುದು ನನ್ನ ಗುಣವಾಯಿತು.

ಆದ್ದರಿಂದಲೇ ತಮ್ಮ ನನ್ನ ಹತ್ತಿರ ಬಂದ. "ಅಕ್ಕ, ನನ್ನ ಕಣ್ಣಿಗೆ ಎಲ್ಲರೂ ಒಳ್ಳೇರಾಗೇ ಕಾಣ್ತಾರೆ. ನೀನು ಹೋಗಿ ನೋಡ್ಕೊಂಡ್ ಬಾ. ನೀನು ಒಪ್ಪಿದ್ರೆ ಮದುವೆ, ಇಲ್ಲಾಂದ್ರೆ ಇಲ್ಲ," ಎಂದ. ಆಷಾಢ ಬಂದಿತ್ತು. ಆಷಾಢದಲ್ಲಿ ಮದುವೆಯ ಮಾತಾಡಬಾರದು ನಿಜ, ಆದರೆ ಅನುಮಾನಪಡಲು ಯಾವ ಮಾಸವಾದರೇನು. ಸಹನಾ ಇರುವ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹುಡುಗನ ಹೆಸರೂ ಕೆಂಟಾ ಅಲ್ಲ. ಇಷ್ಟನ್ನು ಬರೆಯಲು ಅನುಮತಿ ಸಿಕ್ಕಿದ್ದೇ ಈಚೆಗೆ.

ವಿಮಾನ ನಿಲ್ದಾಣಗಳು

ಬೆಂಗಳೂರಿನಲ್ಲಿ ತಪಾಸಣೆಯ ಯಂತ್ರ ನನ್ನನ್ನು ಕಂಡು ಕೀ ಎಂದಿತು. ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯ ಕೆಲಸ. ತೆಗೆದು ತಟ್ಟೆಯಲ್ಲಿಡಿ ಎಂದಳು ಪೊಲೀಸ್ ಹುಡುಗಿ. ಇಷ್ಟಲಿಂಗವನ್ನು ಚಪ್ಪಲಿಯ ಪಕ್ಕದಲ್ಲಿಡು ಎಂದರೆ ನಾನು ಇಡುತ್ತೇನೆಯೇ? ಕರಡಿಗೆಯ ಮುಚ್ಚಳ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ. ಅವಳು ಗದಗದ ಕಡೆಯವಳಂತೆ, ಕೈ ಮುಗಿದು ಬಿಟ್ಟಳು.

ಜಪಾನಿನಲ್ಲಿ ಇಳಿದಾಗ ಒಬ್ಬ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿದ. ನಾಲ್ಕು ಸೀರೆಗಳ ನಡುವೆ ಶೇಂಗಾ ಚಟ್ನಿಪುಡಿಯ ಡಬ್ಬಿ ಇತ್ತು. ಏನಿದು ಎಂದು ಮೂಸಿ ನೋಡಿದ. ಐದು ಸಲ ಸೀನಿದ. ಪ್ರತಿ ಸೀನಿಗೂ ಒಂದೊಂದು ಸಲ ನನಗೆ ಬಗ್ಗಿ ನಮಸ್ಕಾರ ಮಾಡಿದ. ತಪ್ಪು ನನ್ನ ಚಟ್ನಿಪುಡಿಯದು, ಕ್ಷಮೆ ಇವನೇಕೆ ಕೇಳುತ್ತಿದ್ದಾನೆ ಎಂದು ನನಗೆ ಆಗಲೇ ಅನುಮಾನ ಶುರುವಾಯಿತು. ಇಷ್ಟು ವಿನಯ ತೋರಿಸುವವರು ನಮ್ಮ ಚಿಕ್ಕಪೇಟೆಗೆ ಬಂದರೆ ನಾವು ಮೊದಲು ಗಲ್ಲಾಪೆಟ್ಟಿಗೆಗೆ ಬೀಗ ಹಾಕುತ್ತೇವೆ.

ಮೊದಲ ದಿನ: ರೈಲು

ಸಹನಾ ಓಡಿ ಬಂದು ಅಪ್ಪಿಕೊಂಡಳು. ಹಿಂದೆ ಕೆಂಟಾ ನಿಂತಿದ್ದ. ತೆಳ್ಳಗೆ, ಎತ್ತರಕ್ಕೆ, ಇಪ್ಪತ್ತೊಂಬತ್ತರ ಹುಡುಗ. "ನಮಸ್ಕಾರ ಅತ್ತೆ, ಊಟ ಆಯ್ತಾ?" ಎಂದ ಕನ್ನಡದಲ್ಲಿ. ಸಹನಾ ಕಲಿಸಿದ್ದಾಳೆ. ಪಾಠ ಚೆನ್ನಾಗಿತ್ತು, ಆದರೆ ನಾನು ಮುಖ ನೋಡುತ್ತಿದ್ದೆ. ಹಣೆಯ ಮೇಲೆ ಈ ಕಿವಿಯಿಂದ ಆ ಕಿವಿಗೆ ಕೆಂಪನೆಯ ಗೆರೆ. ಕತ್ತಿನ ತುಂಬ ಬೆವರುಸಾಲೆ. ಹೆಗಲ ಚೀಲದಲ್ಲಿ ಮೂರು ಟವೆಲ್. ಒಬ್ಬ ಮನುಷ್ಯನಿಗೆ ಒಂದು ದಿನಕ್ಕೆ ಮೂರು ಟವೆಲ್ ಯಾಕೆ ಬೇಕು?

ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಬೋಗಿ ತುಂಬ ಜನ, ಒಂದು ಪಿಸುಮಾತೂ ಇಲ್ಲ. ಎಲ್ಲರೂ ಜಗಳ ಆಡಿಕೊಂಡು ಬಂದು ಕೂತಿದ್ದಾರೆ ಅಂದುಕೊಂಡೆ. ನಮ್ಮ ಚಿಕ್ಕಪೇಟೆ ಮೆಟ್ರೋದಲ್ಲಿ ಎರಡು ಸ್ಟೇಷನ್ ದಾಟುವುದರೊಳಗೆ ಪಕ್ಕದವಳ ಸೊಸೆಯ ಕಥೆಯೆಲ್ಲ ತಿಳಿದಿರುತ್ತದೆ. ಇಲ್ಲಿ ನಾನು ಸಹನಾಳಿಗೆ ಹೇಳಿದ ಒಂದೊಂದು ಮಾತನ್ನೂ ಇಡೀ ಬೋಗಿ ಕೇಳಿಸಿಕೊಂಡಿತು. ಅರ್ಥವಾಗದಿದ್ದದ್ದು ನನ್ನ ಪುಣ್ಯ, ಏಕೆಂದರೆ ಅವೆಲ್ಲ ಹುಡುಗನ ಕತ್ತಿನ ಬಗ್ಗೆಯೇ ಇದ್ದವು.

ತಲೆಯೆತ್ತಿದರೆ ಬೋಗಿಯ ಗೋಡೆಯಲ್ಲಿ ಕರೆಂಟಿಲಿ. ಸ್ಟೇಷನ್ನಿನ ಕಂಬದಲ್ಲಿ ಕರೆಂಟಿಲಿ. ಬೀದಿಯ ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಅದೇ, ಜನ ತುಳಿಯದೆ ಪಕ್ಕಕ್ಕೆ ಸರಿದು ಹೋಗುತ್ತಾರೆ. ಒಂದು ಬೇಕರಿಯಲ್ಲಿ ಅದರ ಮುಖದ ಬನ್ನು. ನಮ್ಮ ಬಸವನಗುಡಿಯ ದೊಡ್ಡ ಗಣಪತಿ ಗುಡಿಯಲ್ಲೂ ಇಲಿಗೆ ಹೂವಿಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಗಣಪ ಕೂತ ವಾಹನ ಅಂತ. ಮೇಲೆ ಯಾರೂ ಕೂರದ ಇಲಿಗೆ ಇಷ್ಟು ಮರ್ಯಾದೆ ಕೊಡುವ ದೇಶವನ್ನು ಹೇಗೆ ನಂಬುವುದು? ನಾನು ಹಾಗೆ ಅಂದಾಗ ಸಹನಾ ನಕ್ಕಳು. ಕೆಂಟಾ ನಗಲಿಲ್ಲ, ಬನ್ನಿನ ಕಡೆ ನೋಡಿ ಕಣ್ಣು ಪಕ್ಕಕ್ಕೆ ತಿರುಗಿಸಿದ. ಅದನ್ನೂ ನಾನು ಮನಸ್ಸಿನಲ್ಲಿಟ್ಟುಕೊಂಡೆ.

ಈ ಗಡಿಬಿಡಿಯಲ್ಲಿ ನನ್ನ ಛತ್ರಿ ರೈಲಿನಲ್ಲೇ ಉಳಿಯಿತು. ಸಿಗುತ್ತದೆ ಬಿಡಿ ಎಂದಳು ಸಹನಾ. ಕಲಾಸಿಪಾಳ್ಯದಲ್ಲಿ ಬಸ್ಸಿನಿಂದ ಇಳಿದು ಹಿಂತಿರುಗಿ ನೋಡುವಷ್ಟರಲ್ಲಿ ಛತ್ರಿಯ ಜೊತೆ ಸೀಟೂ ಹೋಗಿರುತ್ತದೆ. ನಾನು ಆಸೆ ಬಿಟ್ಟೆ.

ಎರಡನೆಯ ದಿನ: ಊಟದ ಮನೆ

ಸಂಜೆ ಏಳಕ್ಕೆ ಕೆಂಟಾ ನಮ್ಮನ್ನು ಊಟಕ್ಕೆ ಕರೆದೊಯ್ದ. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂರುವುದು. ಅದೊಂದು ನನಗೆ ಹಿಡಿಸಿತು. ಎಲೆಕೋಸು ಹಾಕಿದ ದಪ್ಪ ದೋಸೆಯಂಥದ್ದು ಬಂತು. ಅದರ ಮೇಲೆ ತೆಳ್ಳನೆ ಕಂದು ಚೂರುಗಳು ಉದುರಿಸಿದ್ದರು. ನೋಡುತ್ತೇನೆ, ಚೂರುಗಳು ಅಲ್ಲಾಡುತ್ತಿವೆ. ಎದ್ದು ಕೂರುತ್ತಿವೆ, ಬಾಗುತ್ತಿವೆ. ಜೀವ ಇದೆ ಎಂದು ತಟ್ಟೆಯನ್ನು ಆಚೆ ತಳ್ಳಿದೆ. ಒಣ ಮೀನಂತೆ, ಬಿಸಿಗೆ ಹಾಗೆ ಕುಣಿಯುತ್ತದಂತೆ. ಕೆಂಟಾ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋಗಿ ಅಡಿಗೆಯವನ ಹತ್ತಿರ ಏನೋ ಬೇಡಿಕೊಂಡು, ಮೀನಿಲ್ಲದ್ದು ಮಾಡಿಸಿ ತಂದ. ಅವನ ಊಟವನ್ನೂ ಮೀನಿಲ್ಲದ್ದಕ್ಕೇ ಬದಲಾಯಿಸಿಕೊಂಡ. ಇದು ಒಳ್ಳೆಯತನವೋ ನಾಟಕವೋ ಎಂದು ನಾನು ಲೆಕ್ಕ ಹಾಕುತ್ತಾ ತಿಂದೆ.

ತಿನ್ನುತ್ತಾ ಅವನನ್ನೇ ನೋಡುತ್ತಿದ್ದೆ. ಮೂರು ಜಗ್ಗು ನೀರು ಅವನೊಬ್ಬನೇ ಕುಡಿದ. ಆಮೇಲೆ ನಾನು ಕಿಟಕಿಯ ಕಡೆ ನೋಡುತ್ತಿದ್ದೇನೆ ಅಂದುಕೊಂಡು ಜೇಬಿನಿಂದ ಸಣ್ಣ ಪೊಟ್ಟಣ ತೆಗೆದು, ಎರಡು ಬಿಳಿ ಮಾತ್ರೆ ಬಾಯಿಗೆ ಹಾಕಿಕೊಂಡ.

ಮೂವತ್ತೆಂಟು ವರ್ಷದ ಹಿಂದಿನ ಅದೇ ಎರಡು ಬಿಳಿ ಮಾತ್ರೆ, ಅದೇ ಅವಸರ, ಹೆಂಗಸರಿಗೆ ಕಾಣದ ಹಾಗೆ ಅದೇ ಥರ ಮುಖ ತಿರುಗಿಸುವುದು. ನಾನು ತಡೆಯಲಾರದೆ ಮೇಜಿನ ಮೇಲಿಂದ ಕೈ ಚಾಚಿ ಅವನ ಬಲ ಮಣಿಕಟ್ಟು ಹಿಡಿದೆ. ಕೈರೇಖೆ ನೋಡುತ್ತೇನೆ ಎಂದು ಸಹನಾಳ ಹತ್ತಿರ ಹೇಳಿಸಿದೆ. ನೋಡಿದ್ದು ನಾಡಿ. ನನ್ನ ಅಜ್ಜಿ ಕಲಿಸಿದ ನಾಡಿ ಅರೆಬರೆ ಬರುತ್ತದೆ. ಬೇಗ ಬೇಗ ಬಡಿಯುತ್ತಿತ್ತು. ನಾಡಿಯ ಪಕ್ಕದಲ್ಲೇ ಹುಣಸೆಬೀಜದಷ್ಟು ಅಗಲದ ಹಳೆಯ ಸುಟ್ಟ ಗಾಯದ ಕಲೆ ಇತ್ತು. ಆಯುಷ್ಯ ಚೆನ್ನಾಗಿದೆ ಎಂದು ಸುಳ್ಳು ಹೇಳಿ ಕೈ ಬಿಟ್ಟೆ.

ಮೂರನೆಯ ದಿನ: ಸಹನಾಳ ಮನೆ

ಬೆಳಿಗ್ಗೆ ಅವಳು ಕಾಫಿ ಕೊಟ್ಟಳು. ಲೋಟ ಕೆಳಗಿಟ್ಟು, ಅವನಿಗೆ ಏನು ಕಾಯಿಲೆ ಎಂದು ನೇರವಾಗಿ ಕೇಳಿದೆ. ಕಾಯಿಲೆ ಏನೂ ಇಲ್ಲ, ಅವು ಉಪ್ಪಿನ ಮಾತ್ರೆ, ಬೇಸಿಗೆಯಲ್ಲಿ ಇಲ್ಲಿ ಎಷ್ಟೋ ಜನ ತೆಗೆದುಕೊಳ್ಳುತ್ತಾರೆ ಎಂದಳು. ಉಪ್ಪಿಗೆ ಮಾತ್ರೆಯೇ? ನಾನು ಅರವತ್ತೊಂದು ವರ್ಷ ಊಟ ಮಾಡಿದ್ದೇನೆ, ಉಪ್ಪನ್ನು ಕದ್ದು ತಿಂದವರನ್ನು ನೋಡಿಲ್ಲ. ಶಕ್ತಿ ಮಾತ್ರೆ ಅಂದವರನ್ನು ನೋಡಿದ್ದೇನೆ. ಹಾಗಾದರೆ ಅಷ್ಟು ಬೆವರುವ ಕೆಲಸ ಯಾವುದು ಎಂದೆ. ಅವಳು ತಲೆ ತಗ್ಗಿಸಿದಳು.

"ಅದನ್ನ ನಾನು ಹೇಳೋ ಹಾಗಿಲ್ಲ ಅತ್ತೆ. ಮಾತು ಕೊಟ್ಟಿದೀನಿ."

"ನನ್ನ ಮದುವೇಲೂ ಅವರ ಮನೆಯೋರೆಲ್ಲ ಒಬ್ಬರಿಗೊಬ್ಬರು ಮಾತು ಕೊಟ್ಕೊಂಡಿದ್ರು ಸಹನಾ."

ಅವಳ ಕಣ್ಣಲ್ಲಿ ನೀರು ಬಂತು. ಆದರೂ ನಾನು ಮಾತು ವಾಪಸ್ಸು ತೆಗೆದುಕೊಳ್ಳಲಿಲ್ಲ. ನಾನು ಇಲ್ಲ ಅಂದರೆ ಅವಳು ಮದುವೆಯಾಗುವುದಿಲ್ಲ, ಅದು ನನಗೆ ಗೊತ್ತಿತ್ತು. ನಾನು ಹೂಂ ಅಂದು, ನಾಳೆ ಅವಳು ನನ್ನ ಹಾಗೆ ಒಂದು ಟ್ರಂಕು ಹಿಡಿದು ಚಾಮರಾಜಪೇಟೆಯ ಮೆಟ್ಟಿಲು ಹತ್ತಿದರೆ? ಅವತ್ತು ಅವಳು ಅನ್ನ ಸಾರು ಮಾಡಿದಳು, ನಾನು ಅವಳ ಮನೆಯ ಪರದೆಗಳ ಅಂಚು ಮಡಚಿ ಹೊಲಿದೆ.

ನಾಲ್ಕನೆಯ ದಿನ: ನೀಲಿ ಬಾಗಿಲು

ಸಹನಾ ಕೆಲಸಕ್ಕೆ ಹೋದಮೇಲೆ ಕೆಂಟಾ ಬಾಗಿಲು ಬಡಿದ. ಕೈಯಲ್ಲಿ ನನ್ನ ಛತ್ರಿ. ಸ್ಟೇಷನ್ನಿನವರು ತೆಗೆದಿಟ್ಟಿದ್ದರಂತೆ, ಒಂದು ಚೀಟಿ ಬೇರೆ ಕಟ್ಟಿದ್ದರು. ನಾನು ಛತ್ರಿ ಬಿಚ್ಚಿ ಬಟ್ಟೆ ಬದಲಾಯಿಸಿದ್ದಾರೇನೋ ಎಂದು ಒಂದೊಂದು ಕಡ್ಡಿಯನ್ನೂ ನೋಡಿದೆ. ನನ್ನದೇ. ಅವನು ಬಗ್ಗಿ ನಮಸ್ಕರಿಸಿ, ಕೆಲಸ ಕೆಲಸ ಎಂದು ಕನ್ನಡದಲ್ಲಿ ಹೇಳಿ ಇಳಿದು ಹೋದ. ಚೀಲದಲ್ಲಿ ಇವತ್ತು ನಾಲ್ಕು ಟವೆಲ್.

ನಾನು ಕೈಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿ ಅವನ ಹಿಂದೆ ಹೊರಟೆ. ಇದನ್ನು ಹೇಳಲು ನಾಚಿಕೆಯಿಲ್ಲ. ನನ್ನ ಅಪ್ಪ ಅಂದು ಹೀಗೆ ಒಂದು ದಿನ ಆ ಮನೆಯ ಹಿಂದೆ ಮುಂದೆ ಸುತ್ತಿದ್ದರೆ ನನ್ನ ಕಥೆ ಬೇರೆ ಇರುತ್ತಿತ್ತು. ಸಹನಾ ಕೊಟ್ಟಿದ್ದ ರೈಲಿನ ಕಾರ್ಡು ಮುಟ್ಟಿಸಿ, ಪಕ್ಕದ ಬೋಗಿ ಹತ್ತಿ, ಬಿಚ್ಚಿದ ಛತ್ರಿಯ ಮರೆಯಲ್ಲಿ ನಿಂತೆ. ಹಸಿರು ಇಳಕಲ್ ಸೀರೆ, ಹಣೆಯಲ್ಲಿ ಮೂರು ಬೆರಳು ವಿಭೂತಿ, ರೈಲಿನೊಳಗೆ ಛತ್ರಿ. ಇದಕ್ಕಿಂತ ಗುಟ್ಟಾಗಿ ಜಪಾನಿನಲ್ಲಿ ಯಾರೂ ಯಾರನ್ನೂ ಹಿಂಬಾಲಿಸಿರಲಾರರು. ಅಷ್ಟು ಜನರಲ್ಲಿ ಒಬ್ಬರೂ ನನ್ನನ್ನು ನೋಡಿದ ಹಾಗೆ ಮಾಡಲಿಲ್ಲ. ಕೆಂಟಾ ನಿಂತಲ್ಲೇ ನಿದ್ದೆ ಹೋಗಿದ್ದ.

ಅವನು ಇಳಿದು ಐದಂತಸ್ತಿನ ಒಂದು ದೊಡ್ಡ ಮಳಿಗೆಗೆ ಹೋದ. ಒಳಗೆ ಎಲ್ಲ ಆ ಆಟದ ಸಾಮಾನು. ಮೂಲೆಯಲ್ಲಿದ್ದ ನೀಲಿ ಬಾಗಿಲಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಎದುರಿಗೆ ಬೆಂಚು ಇತ್ತು, ಕೂತೆ. ಬಾಗಿಲಿನಿಂದ ಯಾರು ಬಂದರೂ ನನ್ನ ಕಣ್ಣು ತಪ್ಪುವಂತಿರಲಿಲ್ಲ. ಅಂಗಡಿಯಲ್ಲಿ ಕೂತು ಕೂತು ನನಗೆ ಕಾಯುವುದು ಗೊತ್ತು.

ಒಂದು ಗಂಟೆಯಾಯಿತು. ಸಂಗೀತ ಶುರುವಾಯಿತು. ಎಲ್ಲಿದ್ದವೋ ಮಕ್ಕಳೆಲ್ಲ ಓಡಿ ಬಂದು ಸಾಲಾಗಿ ನಿಂತವು. ನೀಲಿ ಬಾಗಿಲು ತೆರೆಯಿತು. ಕೆಂಟಾ ಬರಲಿಲ್ಲ, ಕರೆಂಟಿಲಿ ಬಂತು.

ಆಳೆತ್ತರದ ಇಲಿ. ಪಕ್ಕದಲ್ಲಿ ಟೊಪ್ಪಿ ಹಾಕಿದ ಒಬ್ಬ ಹುಡುಗಿ ಅದರ ಕೈ ಹಿಡಿದು ನಡೆಸುತ್ತಿದ್ದಳು. ಕುಣಿಯಿತು, ಬಾಲದ ಬಲ್ಬು ಹತ್ತಿಸಿತು, ಮಕ್ಕಳಿಗೆ ಕೈ ಕೊಟ್ಟಿತು. ಮಕ್ಕಳು ಸಾಕ್ಷಾತ್ ದೇವರನ್ನು ಮುಟ್ಟಿದ ಹಾಗೆ ಮುಟ್ಟುತ್ತಿದ್ದವು. ಆಮೇಲೆ ಅದು ತಿರುಗಿ ಬೆಂಚಿನ ಮೇಲಿದ್ದ ನನ್ನನ್ನು ಕಂಡಿತು. ಕಂಡು, ಎತ್ತಿದ ಕಾಲು ಹಾಗೇ ನಿಂತುಹೋಯಿತು. ಆಗ ನನಗೆ ಏನೂ ಹೊಳೆಯಲಿಲ್ಲ. ಸೀರೆ ನೋಡಿ ಬೆರಗಾಯಿತೇನೋ ಅಂದುಕೊಂಡೆ.

ಮಕ್ಕಳೆಲ್ಲ ನನ್ನನ್ನೂ ನೋಡಿದವು. ಬೇರೆ ದಾರಿಯಿಲ್ಲದೆ ಇಲಿ ಬಂದು ನನಗೂ ಕೈ ಚಾಚಿತು. ನಾನು ಕೈ ಹಿಡಿದೆ. ಹಿಡಿದಮೇಲೆ ಬೆರಳು ತಾವಾಗಿ ಬಟ್ಟೆ ನೋಡತೊಡಗಿದವು. ರೋಮದ ಬಟ್ಟೆ ಒಳ್ಳೆಯದು, ಒಳಗೆ ದಪ್ಪ ಅಸ್ತರು. ಮಣಿಕಟ್ಟಿನ ಹತ್ತಿರ ಹೊಲಿಗೆಯಿಂದ ಒಂದು ಎಳೆ ಜೋತಾಡುತ್ತಿತ್ತು. ನಮ್ಮಲ್ಲಿಗೆ ನೇಕಾರರು ಹೊಸ ಮಾಲು ತಂದಾಗ ನಾವು ಮಾಡುವುದು ಇಷ್ಟೇ: ಜೋತ ಎಳೆ ಕಂಡರೆ ಹಿಡಿದು ಒಮ್ಮೆ ಜಗ್ಗಿ ನೋಡುತ್ತೇವೆ. ಕೆಲಸ ಗಟ್ಟಿಯಿದ್ದರೆ ಎಳೆ ಅಲ್ಲೇ ತುಂಡಾಗುತ್ತದೆ. ಇಲ್ಲದಿದ್ದರೆ ಬರುತ್ತಲೇ ಇರುತ್ತದೆ. ನಾನು ಏನು ಮಾಡುತ್ತಿದ್ದೇನೆ ಎಂದು ತಿಳಿಯುವುದರೊಳಗೆ ಜಗ್ಗಿಬಿಟ್ಟಿದ್ದೆ.

ಬರುತ್ತಲೇ ಇತ್ತು. ಮಣಿಕಟ್ಟಿನಿಂದ ಮೊಳಕೈಯವರೆಗೆ ಹೊಲಿಗೆ ಸರ್ರನೆ ಬಿಚ್ಚಿಕೊಂಡಿತು. ಅದು ಸಹನಾಳೇ ಹಾಕಿದ್ದ ಹೊಲಿಗೆ ಎಂದು ಆಮೇಲೆ ತಿಳಿಯಿತು. ಕೊನೆಗೆ ಎರಡು ಗಂಟು ಹಾಕು ಎಂದು ಚಿಕ್ಕಂದಿನಿಂದ ಬಡಕೊಂಡಿದ್ದೇನೆ. ಇಲಿಯ ಕೈಯಿಂದ ಮನುಷ್ಯನ ಕೈ ಹೊರಗೆ ಬಂತು. ಬೆವರಿನಲ್ಲಿ ತೊಯ್ದು, ಬಿಸಿನೀರಿನಲ್ಲಿ ಅದ್ದಿ ತೆಗೆದಂತಿತ್ತು. ನಾಡಿಯ ಪಕ್ಕದಲ್ಲಿ ಹುಣಸೆಬೀಜದಷ್ಟು ಸುಟ್ಟ ಕಲೆ.

ಹಣೆಯ ಗೆರೆ, ಕತ್ತಿನ ಸಾಲೆ, ಟವೆಲ್, ಮೂರು ಜಗ್ಗು ನೀರು, ನಿಂತಲ್ಲೇ ನಿದ್ದೆ, ಎಲ್ಲಕ್ಕೂ ಒಂದೇ ಸಲ ಕಾರಣ ಸಿಕ್ಕಿತು. ಟೊಪ್ಪಿಯ ಹುಡುಗಿಯ ಮುಖ ಬಿಳಿಚಿಕೊಂಡಿತು. ಹಿಂದೆ ಮಕ್ಕಳ ಸಾಲು ಇತ್ತು. ಆ ಮಕ್ಕಳ ಪಾಲಿಗೆ ಇಲಿಯ ಒಳಗೆ ಯಾರೂ ಇಲ್ಲ. ಅಷ್ಟು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ಸೆರಗಿನ ತುದಿಯನ್ನು ಆ ಕೈಯ ಮೇಲೆ ಹಾಕಿ, ಇಲಿಯ ತೋಳಿಗೆ ತೋಳು ಸೇರಿಸಿ, ಸಂಬಂಧಿಕರನ್ನು ಮಂಟಪಕ್ಕೆ ಕರೆದೊಯ್ಯುವ ಹಾಗೆ ನೀಲಿ ಬಾಗಿಲಿನ ಕಡೆ ನಡೆಸಿಕೊಂಡು ಹೋದೆ. ಮಕ್ಕಳು ಚಪ್ಪಾಳೆ ತಟ್ಟಿದವು.

ಬಾಗಿಲಿನ ಒಳಗೆ

ಸಣ್ಣ ಕೋಣೆ. ಎರಡು ಫ್ಯಾನು, ಒಂದು ಬೆಂಚು, ಗೋಡೆಯಲ್ಲಿ ಒಂದೇ ಒಂದು ಚೀಟಿ. ಹುಡುಗಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು, ನನಗೂ ಅಷ್ಟೇ. ಹೊರಗಿನವರು ಇರಬಾರದು, ಹೋಗಿ ಎಂದಳು. ನಾನು ಕೈಚೀಲದಿಂದ ಸೂಜಿ ದಾರ ತೆಗೆದು ತೋರಿಸಿದೆ. ಸೀರೆ ಅಂಗಡಿಯವಳ ಚೀಲದಲ್ಲಿ ದುಡ್ಡಿಲ್ಲದಿದ್ದರೂ ಸೂಜಿ ಇರುತ್ತದೆ. ಅವಳು ಗಡಿಯಾರ ನೋಡಿ, ಬಾಗಿಲ ಆಚೆಯ ಗದ್ದಲ ಕೇಳಿ, ಹತ್ತು ನಿಮಿಷ ಎಂದಳು. ಗೋಡೆಯ ಚೀಟಿಯಲ್ಲಿ ಏನಿದೆ ಎಂದೆ. ಕಂಪನಿಯ ಪೈಕಿಯವರಲ್ಲದ ಯಾರ ಮುಂದೆಯೂ ತಲೆ ತೆಗೆಯಬಾರದು, ಬಾಯಿ ಬಿಡಬಾರದು, ತೆಗೆದರೆ ಕೆಲಸ ಹೋಗುತ್ತದೆ ಎಂದಿದೆ ಅಂದಳು. ಕೆಂಟಾ ಆರು ವರ್ಷದಿಂದ ತನ್ನ ಹೆತ್ತ ತಾಯಿಗೂ ಹೇಳಿಲ್ಲವಂತೆ.

ನಾನು ಇಲಿಯನ್ನು ಬೆಂಚಿನ ಮೇಲೆ ಕೂರಿಸಿ, ಅದರ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೊಲಿಯತೊಡಗಿದೆ. ಅದು ಮಾತಾಡಲಿಲ್ಲ. ತಲೆ ತೆಗೆಯಲಿಲ್ಲ. ಒಳಗಿನಿಂದ ಉಸಿರಾಟ ಮಾತ್ರ ಕೇಳುತ್ತಿತ್ತು, ಓಡಿ ಬಂದವರ ಉಸಿರು. ಆ ಮುಖವಿಲ್ಲದ ಮುಖ ನೋಡಿ ನನಗೆ ಏನಾಯಿತೋ, ಯಾರಿಗೂ ಹೇಳದ್ದನ್ನು ಕನ್ನಡದಲ್ಲಿ ಅದಕ್ಕೆ ಹೇಳಿದೆ. ಅವನಿಗೆ ಎಷ್ಟು ತಿಳಿಯಿತೋ ಕಾಣೆ. ನನ್ನ ಗಂಡ ಕೆಟ್ಟವರಾಗಿರಲಿಲ್ಲ, ಹೆದರಿದ್ದರು ಎಂದೆ. ಮಾತ್ರೆ ನುಂಗುವಾಗ ಅವರು ಮುಖ ತಿರುಗಿಸುತ್ತಿದ್ದದ್ದೇ ನನಗೆ ಸಾವಿಗಿಂತ ಜಾಸ್ತಿ ನೋವು ಕೊಟ್ಟಿತು ಎಂದೆ. ಹದಿನಾಲ್ಕು ತಿಂಗಳು ಒಂದೇ ತಟ್ಟೆಯಲ್ಲಿ ಉಂಡು, ಅವರಿಗೆ ನನ್ನ ಮೇಲೆ ಅಷ್ಟೂ ನಂಬಿಕೆ ಬರಲಿಲ್ಲವಲ್ಲ ಎಂದೆ. ಇಲಿ ತಲೆ ತಗ್ಗಿಸಿ ಕೂತಿತ್ತು. ಆ ದೊಡ್ಡ ಕಿವಿಗಳು ನನ್ನ ಕಡೆಗೇ ಇದ್ದವು.

ಮೊಳಕೈವರೆಗೆ ಹೊಲಿದು, ದಾರ ಕಡಿದು, ಸೂಜಿಯನ್ನು ಸೀರೆಗೆ ಚುಚ್ಚಿಟ್ಟೆ. ಇಷ್ಟು ನೋಡಿದಮೇಲೂ ನನ್ನ ಹಾಳು ಅನುಮಾನ ಸಾಯಲಿಲ್ಲ. ಬೆವರು ಸರಿ, ಟವೆಲ್ ಸರಿ. ಮಾತ್ರೆ? ಇಷ್ಟು ಬಿಸಿಯಲ್ಲಿ ಕುಣಿಯುವವನಿಗೆ ಎದೆ ಬೇರೆ ಸರಿಯಿಲ್ಲದಿದ್ದರೆ? ನಾನು ಎದೆಯ ಮೇಲೆ ಕೈಯಿಟ್ಟು ತೋರಿಸಿದೆ. ಬಾಯಿಗೆ ಮಾತ್ರೆ ಹಾಕಿಕೊಳ್ಳುವ ಹಾಗೆ ಮಾಡಿದೆ.

"ನಿಜ ಹೇಳಪ್ಪ. ನನಗೆ ಇವತ್ತು ನಿಜ ಬೇಕು," ಎಂದೆ.

ಇಲಿ ಎರಡೂ ಕೈ ಎತ್ತಿ ತನ್ನ ತಲೆಯನ್ನು ಹಿಡಿದುಕೊಂಡಿತು. ಟೊಪ್ಪಿಯ ಹುಡುಗಿ ಬೇಡ ಬೇಡ ಎನ್ನುವಂತೆ ಏನೋ ಕೂಗಿದಳು. ತಲೆ ಹೊರಗೆ ಬಂತು. ಹುಡುಗಿ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟಳು. ತಾನು ನೋಡಲಿಲ್ಲ ಎನ್ನಲು ಅವಳಿಗಿದ್ದ ದಾರಿ ಅದೊಂದೇ.

ಕೆಂಟಾನ ಕೂದಲಿಂದ ನೀರು ಸುರಿಯುತ್ತಿತ್ತು. ಕಣ್ಣು ಕೆಂಪಗಾಗಿದ್ದವು. ನನ್ನ ಮುಖವನ್ನೇ ನೇರವಾಗಿ ನೋಡುತ್ತಾ, ಬೆಂಚಿನ ಕೆಳಗಿದ್ದ ಚೀಲದಿಂದ ಆ ಸಣ್ಣ ಪೊಟ್ಟಣ ತೆಗೆದು, ಒಂದು ಬಿಳಿ ಮಾತ್ರೆಯನ್ನು ನನ್ನ ಅಂಗೈಗೆ ಉದುರಿಸಿದ.

"ಉಪ್ಪು ಅತ್ತೆ," ಎಂದ.

ನಾನು ಅವನ ಮಾತನ್ನು ನಂಬಿ ಸುಮ್ಮನಾಗುವವಳಲ್ಲ. ಬಾಯಿಗೆ ಹಾಕಿಕೊಂಡೆ. ಉಪ್ಪೇ. ಬರೀ ಉಪ್ಪು, ಸ್ವಲ್ಪ ನಿಂಬೆಹುಳಿ. ಅದು ನಾಲಿಗೆಯ ಮೇಲೆ ಕರಗುವಾಗ ನನಗೆ ಅಳು ಬಂದುಬಿಟ್ಟಿತು, ತಡೆಯಲು ಆಗಲೇ ಇಲ್ಲ. ಮೂವತ್ತೆಂಟು ವರ್ಷದ ಹಿಂದೆ ಒಬ್ಬರಾದರೂ ಹೀಗೆ ನನ್ನ ಮುಂದೆ ಕೂತು, ಕೇಳಿದ್ದಕ್ಕೆ ಒಂದು ಮಾತ್ರೆ ತೆಗೆದು ಕೈಯಲ್ಲಿಟ್ಟಿದ್ದರೆ ಸಾಕಾಗಿತ್ತು. ಕಾಯಿಲೆ ಇದೆ ಅಂದಿದ್ದರೂ ನಾನು ಬಿಟ್ಟು ಹೋಗುತ್ತಿರಲಿಲ್ಲ. ಈ ಹುಡುಗ ಆರು ವರ್ಷದ ಕೆಲಸವನ್ನು ನನ್ನ ಒಂದು ಪ್ರಶ್ನೆಗೆ ಒತ್ತೆಯಿಟ್ಟಿದ್ದ. ನಾನು ಅವನಿಗೆ ಯಾರು?

ಅವನು ಗಾಬರಿಯಾಗಿ ಟವೆಲ್ ಕೊಟ್ಟ. ನಾನು ಅದನ್ನು ತೆಗೆದುಕೊಂಡು ಅವನ ಹಣೆ, ಕತ್ತು, ಕಿವಿಯ ಹಿಂಭಾಗ ಒರೆಸಿದೆ. ಬಾಟಲಿ ಎತ್ತಿ ಕೊಟ್ಟೆ, ಒಂದೇ ಉಸಿರಿಗೆ ಕುಡಿದ. ಬಾಗಿಲಿನ ಆಚೆ ಮಕ್ಕಳು ಒಂದೇ ರಾಗದಲ್ಲಿ ಇಲಿಯ ಹೆಸರು ಹಿಡಿದು ಕೂಗುತ್ತಿದ್ದವು. ಗೋಡೆಯ ಕಡೆ ನಿಂತಿದ್ದ ಹುಡುಗಿ ತಿರುಗದೆಯೇ ಗಡಿಯಾರದ ಕಡೆ ಬೆರಳು ತೋರಿಸಿದಳು. ನಾನು ಎದ್ದು, ಬೆಂಚಿನ ಮೇಲಿದ್ದ ಕರೆಂಟಿಲಿಯ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮುಂದೆ ಹಿಡಿದೆ. ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು.

"ಹಾಕ್ಕೊಳ್ಳಿ ಅಳಿಯಂದ್ರೇ," ಎಂದೆ. "ಮಕ್ಕಳು ಕಾಯ್ತಿದಾರೆ."